ಒಲ್ಲೆ ಎಂದ ಹಾವು

ಅಕ್ಕಲಕೋಟದಲ್ಲಿ ಯಾರೂ ಹಸಿದು ಮಲಗಬಾರದು ಎಂಬುದು ಊರಿನ ಹಟ. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರನ್ನು ಅನ್ನಛತ್ರದಲ್ಲಿ ಉಣಿಸಿಯೇ ಬಸ್ ಹತ್ತಿಸಬೇಕು. ನಮ್ಮ ಓಣಿಯಲ್ಲಿ ಎದುರಾದವರು ಆರೋಗ್ಯ ವಿಚಾರಿಸುವ ಮೊದಲು ‘ಊಟ ಆತೇನ್ರಿ’ ಎಂದು ಕೇಳುತ್ತಾರೆ. ಇಂಥ ಊರಲ್ಲಿ 22 ವರ್ಷದಿಂದ ನಾನು ದನದ ಡಾಕ್ಟರು. ಮೇವು ಬಿಟ್ಟ ಎಮ್ಮೆಯ ಸುದ್ದಿ ಬಂದರೆ ಅರ್ಧ ರಾತ್ರಿಯಲ್ಲೂ ಚೀಲ ಹೆಗಲಿಗೇರಿಸಿ ಹೊರಡುತ್ತೇನೆ. ಎಮ್ಮೆ ಒಂದು ದಿನ ಮೆಲುಕು ಹಾಕದಿದ್ದರೆ ಒಳಗೆ ಏನೋ ಕೆಟ್ಟಿದೆ, ಕಾಯುವಂತಿಲ್ಲ. ಈ ಅವಸರವೇ ರೂಢಿಯಾದ ನನ್ನ ಕೈಗೆ ಕಾಯುವುದನ್ನು ಕಲಿಸಿದ್ದು ಹಾವುಗಳು.

ಹೋದ ವರ್ಷ ಜನವರಿಯಲ್ಲಿ, ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯ ವಾರ, ಒಬ್ಬ ತಾಯಿ ಫೋನ್ ಮಾಡಿದರು. “ಅಕ್ಕಾರ, ಎರಡೂವರಿ ತಿಂಗಳಾತ್ರಿ, ಏನೂ ಮುಟ್ಟಿಲ್ಲ. ಬಾಯಿ ಹತ್ರ ಹಿಡದ್ರ ಮುಖ ತಿರಗಸ್ತದ. ಮಗಾ ಊಟಾ ಬಿಟ್ಟು ಅದರ ಮುಂದ ಕುಂತಾನ.” ಅವರು ಹೇಳುತ್ತಿದ್ದುದು ಮಗ ಸಾಕಿದ ಹೆಬ್ಬಾವಿನ ಬಗ್ಗೆ. ಆಫ್ರಿಕಾದ ಬಾಲ್ ಪೈಥಾನ್. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿ ಮೈಯನ್ನು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಬೆಳೆದರೆ ಮೂರರಿಂದ ಐದು ಅಡಿ. ವಿಷವಿಲ್ಲ, ಸ್ವಭಾವ ಸೌಮ್ಯ.

ಮರುದಿನ ಹೋದೆ. ಸೊಲ್ಲಾಪುರದ ಪೂರ್ವ ಭಾಗದಲ್ಲಿ, ಚಾದರು-ಟವೆಲ್ ನೇಯುವ ಓಣಿಯಲ್ಲಿ ಮನೆ. ಕೆಳಗೆ ಪವರ್‌ಲೂಮು, ಮೇಲೆ ಸಂಸಾರ, ಅದರ ಮೇಲೆ ಪತ್ರಾಸಿನ ಛಾವಣಿ. ಹುಡುಗನಿಗೆ 23 ವರ್ಷ, ತಂದೆಯ ಮಗ್ಗದ ಲೆಕ್ಕ ನೋಡುತ್ತಾನೆ. ಮೊದಲು ಕಾಗದ ಕೇಳಿದೆ, ತೋರಿಸಿದ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ: ನಮ್ಮ ನೆಲದ ಹಾವನ್ನು ಮನೆಯಲ್ಲಿ ಸಾಕುವಂತಿಲ್ಲ. ನಾಗರವಿರಲಿ, ಕೇರೆ ಇರಲಿ, ಮಣ್ಣುಮುಕ್ಕ ಇರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್ ಪರದೇಶದ್ದು. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ನಿಯಮಗಳು ಬಂದ ಮೇಲೆ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದವಿಲ್ಲದ ಪ್ರಾಣಿಯ ಕಾಯಿಲೆಯನ್ನು ಜನ ಬಚ್ಚಿಡುತ್ತಾರೆ. ಬಚ್ಚಿಟ್ಟ ಕಾಯಿಲೆಗೆ ಮದ್ದು ಮಾಡುವುದು ಹೇಗೆ?

ಹಾಲ್‌ನಲ್ಲಿ, ಟಿವಿಯ ಪಕ್ಕ, ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆ. ಒಳಗೆ ಹಳೆಯ ಪೇಪರು, ಒಂದು ಬಟ್ಟಲು ನೀರು, ಪ್ಲಾಸ್ಟಿಕ್ಕಿನ ಗಿಡ. ಮೇಲೆ ಹಗಲಿರುಳು ಉರಿಯುವ ಬಲ್ಬು. ಹಾವು ಒಂದು ಮೂಲೆಯಲ್ಲಿ ಗಾಜಿಗೆ ಮೈ ಒತ್ತಿಕೊಂಡು ಬಿಗಿಯಾಗಿ ಸುತ್ತಿಕೊಂಡಿತ್ತು. ಮೈಮೇಲೆ ಹಳೆಯ ಪೊರೆ ಅಲ್ಲಲ್ಲಿ ಚಿಂದಿಯಾಗಿ ಅಂಟಿತ್ತು. ಅಂಗಡಿಯಲ್ಲಿಟ್ಟ ಸಾಮಾನಿನ ಹಾಗೆ ಅದು ಎಲ್ಲ ಕಡೆಯಿಂದಲೂ ಕಾಣುತ್ತಿತ್ತು. ಮನೆಯವರಿಗೆ ಅದು ಕಾಣುತ್ತಿರಲಿ ಎಂಬ ಪ್ರೀತಿ. ಹಾವಿಗೆ ಮಾತ್ರ ಅದೇ ಶಿಕ್ಷೆ.

ಏನೇನು ಕೊಟ್ಟಿರಿ ಎಂದು ಕೇಳಿದೆ. ಪುಣೆಯಿಂದ ಐಸಿನ ಡಬ್ಬಿಯಲ್ಲಿ ತರಿಸಿದ ಬಿಳಿ ಇಲಿ. ಅದನ್ನು ಒಲ್ಲೆ ಎಂದಾಗ ಮಟನ್ನಿನ ತುಂಡು. ಆಮೇಲೆ ಒಡೆದ ಮೊಟ್ಟೆ. ಕೊನೆಗೆ ಅಜ್ಜಿ ಬೆಳ್ಳಿಯ ಬಟ್ಟಲಲ್ಲಿ ಹಾಲು ಇಟ್ಟು ಕೈ ಮುಗಿದಿದ್ದರು. ದಿನಕ್ಕೆ ಎರಡು ಸಲ ಹಾವನ್ನು ಎತ್ತಿ, ಬಾಯಿಯ ಹತ್ತಿರ ಏನಾದರೊಂದು ಹಿಡಿದು, ‘ತಿನ್ನೋ ರಾಜಾ’ ಎಂದು ಬೇಡಿಕೊಂಡಿದ್ದರು. ಅಷ್ಟು ಅಕ್ಕರೆಯನ್ನು ನೋಡಿ ಅವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. “ಇವತ್ತಿಂದ ಇದರ ಬಾಯಿ ನೋಡೂದು ಬಿಡ್ರಿ,” ಎಂದೆ, “ಇದರ ಮನಿ ನೋಡೂಣು.”

ಮೊದಲು ತೂಕ ಮಾಡಿದೆ. ದಿಂಬಿನ ಗವಸಿನಲ್ಲಿ ಹಾವನ್ನು ಇಳಿಬಿಟ್ಟು, ಬಾಯಿ ಕಟ್ಟಿ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟೆವು. ಗವಸಿನ ತೂಕ ಕಳೆದರೆ 1,120 ಗ್ರಾಂ. ದಸರೆಯ ಹೊತ್ತಿಗೆ ಹುಡುಗ ಒಮ್ಮೆ ತೂಗಿ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ: 1,180. ಎರಡೂವರೆ ತಿಂಗಳು ಏನೂ ತಿನ್ನದ ಪ್ರಾಣಿ ಕಳೆದುಕೊಂಡಿದ್ದು ಬರೀ 60 ಗ್ರಾಂ, ನೂರಕ್ಕೆ ಐದು. ತಾಯಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ತೂಗಿಸಿದರು.

ಇದು ನಮಗೆ ಒಗ್ಗದ ಲೆಕ್ಕ. ನಾವು ಉಂಡದ್ದರಲ್ಲಿ ಬಹುಪಾಲು ಮೈ ಬೆಚ್ಚಗಿಡುವುದಕ್ಕೇ ಹೋಗುತ್ತದೆ. ನಮ್ಮೊಳಗೆ ಒಲೆ ಆರುವಂತಿಲ್ಲ. ಹಾವು ಒಲೆಯನ್ನೇ ಇಟ್ಟುಕೊಂಡಿಲ್ಲ, ಬಿಸಿಲಿನಿಂದ, ನೆಲದಿಂದ ಕಾವು ತೆಗೆದುಕೊಳ್ಳುತ್ತದೆ. ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಮೆಕ್ಯೂ ಎಂಬ ವಿಜ್ಞಾನಿ ಬಾಲ್ ಪೈಥಾನೂ ಸೇರಿದಂತೆ ಮೂರು ಜಾತಿಯ 62 ಹಾವುಗಳನ್ನು ಸುಮಾರು ಆರು ತಿಂಗಳು ಆಹಾರವಿಲ್ಲದೆ ಇಟ್ಟು ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾವುಗಳು ತಮ್ಮ ದೇಹದ ಖರ್ಚನ್ನೇ ಇಳಿಸಿಬಿಟ್ಟಿದ್ದವು, ಕೆಲವು ಶೇಕಡಾ 72ರವರೆಗೆ. ಹೆಬ್ಬಾವುಗಳಂತೂ ಹೊಟ್ಟೆ ಖಾಲಿ ಇರುವಾಗ ಕರುಳನ್ನು ಕುಗ್ಗಿಸಿಕೊಂಡು ಇರುತ್ತವೆ, ಊಟ ಒಳಗೆ ಹೋದ ಮೇಲೆ ಮತ್ತೆ ಬೆಳೆಸಿಕೊಳ್ಳುತ್ತವೆ. ಬರ್ಮಾ ಹೆಬ್ಬಾವಿನ ಹೃದಯದ ಸ್ನಾಯು ಉಂಡ 48 ಗಂಟೆಯೊಳಗೆ ಶೇಕಡಾ 40ರಷ್ಟು ಬೆಳೆಯಬಲ್ಲದು ಎಂದು 2005ರಲ್ಲಿ ಪ್ರಕಟವಾಯಿತು. ನಾನು ಕಾಲೇಜಿನಲ್ಲಿ ಕಲಿತದ್ದು ನಾಲ್ಕು ಹೊಟ್ಟೆಯ ಆಕಳಿನ ಶಾಸ್ತ್ರ. ಬೇಕಾದಾಗ ಅಂಗಡಿ ತೆರೆದು, ಬೇಡವಾದಾಗ ಬಾಗಿಲು ಹಾಕುವ ಕರುಳಿನ ವಿಷಯ ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಹಾಗಂತ ನಿಶ್ಚಿಂತೆಯಿಂದ ಇರಬೇಕೆಂದಲ್ಲ. ಬೆಳೆದ ಹಾವು ತನ್ನ ತೂಕದ ಹತ್ತನೆಯ ಒಂದು ಪಾಲು ಕಳೆದುಕೊಳ್ಳುವವರೆಗೆ ನಾನು ಕಾಯುತ್ತೇನೆ. ಅಷ್ಟು ದಾಟಿದರೆ, ಬೆನ್ನೆಲುಬು ಛಾವಣಿಯ ಏಣಿನಂತೆ ಎದ್ದು ಕಂಡರೆ, ಕಾಯುವುದಿಲ್ಲ. ಮರಿಯಾದರೆ ಇಷ್ಟು ಸಲಿಗೆಯೂ ಇಲ್ಲ, ಅದರ ಮೈಯಲ್ಲಿ ಗಂಟಿರುವುದಿಲ್ಲ. ಮೂಗಿನಲ್ಲಿ ಗುಳ್ಳೆ ಬರುವುದು, ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸೀಟಿ ಹೊಡೆದಂತೆ ಸದ್ದು ಬರುವುದು ಶ್ವಾಸಕೋಶದ ಸೋಂಕಿನ ಲಕ್ಷಣ. ಒಸಡು ಕೆಂಪಾಗಿ, ಗಿಣ್ಣದಂಥ ಕೀವು ಕಂಡರೆ ಬಾಯಿ ಕೊಳೆಯುತ್ತಿದೆ, ತಿನ್ನಲು ನೋವಾಗುತ್ತದೆ. ನೀರಿನ ಬಟ್ಟಲಲ್ಲಿ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳು ತೇಲಿದರೆ ಉಣ್ಣಿಯ ಜಾತಿಯ ಹುಳು ಮೈಗೆ ಹತ್ತಿದೆ. ನುಂಗಿದ್ದನ್ನು ಕಾರಿಕೊಂಡರೆ, ಹೊಲಸಿನಲ್ಲಿ ಜಂತು ಕಂಡರೆ ಅದೂ ಕಾಯಿಲೆಯೇ. ಹಾವಿನ ವೈದ್ಯ ಬಲ್ಲ ಡಾಕ್ಟರರು ಪುಣೆ, ಮುಂಬೈ, ಬೆಂಗಳೂರು, ಹೈದರಾಬಾದಿನಲ್ಲಿ ಸಿಗುತ್ತಾರೆ. ನಾನೂ ಅವರಿಗೆ ಫೋನ್ ಮಾಡಿ ಕೇಳಿಯೇ ಎಷ್ಟೋ ಕಲಿತೆ. ಸೊಲ್ಲಾಪುರದ ಹಾವಿನ ಬಾಯನ್ನು ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ತೆರೆದು ನೋಡಿದೆ. ಒಸಡು ತಿಳಿ ಗುಲಾಬಿ, ಉಸಿರು ಶುಭ್ರ. ಹುಳು ಇಲ್ಲ. ಕಾಯಿಲೆ ಹಾವಿನಲ್ಲಿರಲಿಲ್ಲ.

ಇನ್ನು ಮನೆಯನ್ನು ನೋಡಬೇಕಿತ್ತು. ದನಕ್ಕೆ ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಸಾಲದು. ನೆಲದ ಕಾವು ಅಳೆಯುವ, ವೈರಿನ ತುದಿಯಲ್ಲಿ ಗುಂಡಿ ಇರುವ ಮೀಟರ್ ಒಯ್ದಿದ್ದೆ. ಬಲ್ಬಿನ ಕೆಳಗೆ ಗಾಜಿನ ಅಂಚು 38 ಡಿಗ್ರಿ ಸುಡುತ್ತಿತ್ತು. ಹಾವು ಮಲಗಿದ್ದ ನೆಲ 24. ಆಚೆ ತುದಿ 19. ರಾತ್ರಿ ಕರೆಂಟು ಹೋದರೆ ಎಂದು ಕೇಳಿದೆ. “ತಾಸೆರಡು ತಾಸು ಹೋಗತದ್ರಿ ಮ್ಯಾಡಮ್.” ಸೊಲ್ಲಾಪುರ ಎಂದರೆ ಎಲ್ಲರಿಗೂ ಬೇಸಿಗೆ ನೆನಪಾಗುತ್ತದೆ, 43-44 ಡಿಗ್ರಿಯ ಸುಡುಬಿಸಿಲು. ಆದರೆ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಪತ್ರಾಸಿನ ಕೆಳಗೆ ಎಂಥ ಥಂಡಿ ಬೀಳುತ್ತದೆಂದು ಇಲ್ಲಿ ಮಲಗಿದವರಿಗೆ ಗೊತ್ತು. ಈ ಹಾವಿಗೆ ಪೆಟ್ಟಿಗೆಯ ಒಂದು ತುದಿ 31-32 ಡಿಗ್ರಿ, ಇನ್ನೊಂದು ತುದಿ 25-27 ಇರಬೇಕು. ತನಗೆ ಬೇಕಾದ ಕಾವನ್ನು ಅದು ತಾನೇ ಹರಿದು ಹೋಗಿ ಆರಿಸಿಕೊಳ್ಳುತ್ತದೆ. ಕಾವು ಸಾಲದಿದ್ದರೆ ನುಂಗಿದ ಇಲಿ ಅರಗುವ ಬದಲು ಹೊಟ್ಟೆಯಲ್ಲೇ ಕೊಳೆಯುತ್ತದೆ. ಅದನ್ನು ಅರಿತಂತೆ ಹಾವು ಮೊದಲೇ ಬಾಯಿ ಮುಚ್ಚುತ್ತದೆ. ನವೆಂಬರಿನಲ್ಲಿ ಥಂಡಿ ಶುರು, ನವೆಂಬರಿನಲ್ಲೇ ಊಟ ಬಂದ್. ಜೊತೆಗೆ ಇದು ಗಂಡು. ಚಳಿಗಾಲದ ಆ ಕೆಲವು ತಿಂಗಳು ಬೆಳೆದ ಗಂಡಿಗೆ ಸಂಗಾತಿಯ ಧ್ಯಾನ, ಊಟದ ಮೇಲಿರುವುದಿಲ್ಲ. ಬಾಲ್ ಪೈಥಾನ್ ಸಾಕುವವರೆಲ್ಲ ಇದನ್ನು ಕಂಡವರೇ.

ಮೀಟರನ್ನು ನೆಲಕ್ಕೆ ಇಟ್ಟು ಕುಳಿತಿದ್ದಾಗ ನನ್ನ ಕೈಗೆ ಇನ್ನೊಂದು ಗೊತ್ತಾಯಿತು. ಪೆಟ್ಟಿಗೆ ಇಟ್ಟ ಟೇಬಲ್ಲು ನಡುಗುತ್ತಿತ್ತು. ಕಣ್ಣಿಗೆ ಕಾಣದಷ್ಟು, ಆದರೆ ಬಟ್ಟಲಿನ ನೀರಿನ ಮೇಲೆ ಉಂಗುರಗಳು ಏಳುತ್ತಿದ್ದವು. ಕೆಳಗೆ ಮಗ್ಗಗಳು ಓಡುತ್ತಿದ್ದವು. ಆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಲಾಳಿಯ ಸದ್ದು ಕೇಳಿಸುವುದೇ ಇಲ್ಲ, ನಿಂತರೆ ಮಾತ್ರ ಎಚ್ಚರವಾಗುತ್ತದೆ. ಹಾವಿಗೆ ಹೊರಕಿವಿ ಇಲ್ಲ. ನೆಲದ ನಡುಕ ಅದರ ಕೆಳದವಡೆಯ ಎಲುಬಿನಿಂದ ಒಳಕಿವಿಗೆ ಹೋಗುತ್ತದೆ. ಗದ್ದವನ್ನು ನೆಲಕ್ಕೆ ಊರಿ ಮಲಗುವ ಪ್ರಾಣಿಗೆ ಆ ನಡುಕ ಹೇಗಿರಬಹುದೆಂದು ಹುಡುಗನಿಗೆ ಹೇಳಲಿಲ್ಲ. ಅವನೇ ಬಗ್ಗಿ ತನ್ನ ಗದ್ದವನ್ನು ಟೇಬಲ್ಲಿಗೆ ಇಟ್ಟ. ಸ್ವಲ್ಪ ಹೊತ್ತು ಹಾಗೇ ಇದ್ದ. ಎದ್ದವನು ಮಾತಾಡದೆ ಒಳಗೆ ಹೋಗಿ, ಮೇಲಿನ ಹಿಂದಿನ ಕೋಣೆಯಲ್ಲಿ ಜಾಗ ಖಾಲಿ ಮಾಡತೊಡಗಿದ.

ಪಶ್ಚಿಮ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಈ ಹಾವು ಹಗಲು ಕಳೆಯುವುದು ಇಲಿ ಬಿಟ್ಟುಹೋದ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ. ಅಷ್ಟು ದೂರದ ಹಾವಿಗೂ ನಮ್ಮ ನಾಗಪ್ಪನಿಗೂ ವಿಳಾಸ ಒಂದೇ. ಮೈಗೆ ನಾಲ್ಕೂ ಕಡೆಯಿಂದ ಗೋಡೆ ತಾಗಬೇಕು, ಕತ್ತಲಿರಬೇಕು, ಕೊಂಚ ತಂಪಿರಬೇಕು. ಅಂಗಡಿಯವರು ಮಾರುವ ಪ್ಲಾಸ್ಟಿಕ್ ಗುಹೆಗೆ ಸಾವಿರಗಟ್ಟಲೆ ರೂಪಾಯಿ. ನಾನು ಕುಂಬಾರರ ಹತ್ತಿರ ಎರಡು ಗಡಿಗೆ ತರಲು ಹೇಳಿದೆ. ಕಂಠದ ಬಳಿ ಹಾವು ನುಸುಳುವಷ್ಟು ಒಡೆದು, ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ, ಬೋರಲು ಹಾಕಿದೆವು, ಬೆಚ್ಚಗಿನ ತುದಿಯಲ್ಲಿ ಒಂದು, ತಂಪಿನ ತುದಿಯಲ್ಲಿ ಒಂದು. ಒಂದೇ ಇಟ್ಟರೆ ಹಾವು ಅಡಗುವುದೋ ಕಾವು ಪಡೆಯುವುದೋ ಎಂದು ಒದ್ದಾಡುತ್ತದೆ. ನೆಲಕ್ಕೆ ಪೇಪರಿನ ಬದಲು ತೆಂಗಿನ ನಾರಿನ ಪುಡಿ, ಅದಕ್ಕೆ ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಬೇಕು. ನಮ್ಮ ಸೀಮೆಯ ಗಾಳಿ ಒಣ ಗಾಳಿ. ಪೊರೆ ಚಿಂದಿಯಾಗಿ ಅಂಟಿದ್ದು ಅದಕ್ಕೇ. ಬಲ್ಬು ತೆಗೆದು, ಪೆಟ್ಟಿಗೆಯ ಕೆಳಗೆ ಮೂರನೇ ಒಂದು ಭಾಗಕ್ಕೆ ಹೀಟ್ ಮ್ಯಾಟ್, ಅದಕ್ಕೆ ಥರ್ಮೋಸ್ಟ್ಯಾಟ್. ಥರ್ಮೋಸ್ಟ್ಯಾಟ್ ಇಲ್ಲದ ಹೀಟ್ ಮ್ಯಾಟ್ ಹಾವಿನ ಹೊಟ್ಟೆ ಸುಟ್ಟುಬಿಡುತ್ತದೆ. ಕರೆಂಟು ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಗಡಿಗೆಯ ಹೊರಗೆ ಇಡುವುದು. ಗಾಜಿನ ಮೂರು ಕಡೆ ಹೊದಿಸಲು ಬಟ್ಟೆ ಬೇಕೆಂದಾಗ ತಂದೆ ಕೆಳಗೆ ಹೋಗಿ ಹೊಸ ಚಾದರು ಹೊತ್ತು ತಂದರು. ಅಷ್ಟು ಹೊತ್ತೂ ಅವರು ಒಂದು ಮಾತೂ ಆಡಿರಲಿಲ್ಲ.

ಆಮೇಲೆ ಊಟದ ಮಾತು. ಹುಡುಗ ಇಲಿಯನ್ನು ಫ್ರಿಜ್ಜಿನಿಂದ ತೆಗೆದು, ಐಸು ಬಿಟ್ಟ ಕೂಡಲೇ ತಣ್ಣಗಿರುವಾಗಲೇ ಕೊಡುತ್ತಿದ್ದ. ಈ ಹಾವಿನ ತುಟಿಯ ಮೇಲೆ ಸಣ್ಣ ಸಣ್ಣ ಕುಳಿಗಳಿವೆ, ಭೂತಗನ್ನಡಿ ಹಿಡಿದು ತೋರಿಸಿದೆ. ಕತ್ತಲಲ್ಲಿ ಬಿಸಿರಕ್ತದ ಪ್ರಾಣಿಯ ಕಾವನ್ನು ಅದು ಕಾಣುವುದು ಆ ಕುಳಿಗಳಿಂದ. ನಾಲಿಗೆ ಹೊರಚಾಚಿ ಗಾಳಿಯ ವಾಸನೆ ಹಿಡಿದು ಅಂಗುಳಿನಲ್ಲಿರುವ ಅಂಗಕ್ಕೆ ಒಯ್ಯುತ್ತದೆ. ಕಾವಿಲ್ಲದ ಇಲಿ ಅದರ ಪಾಲಿಗೆ ಕಲ್ಲು. ಮಟನ್ ತುಂಡಿಗೆ ಬೇಟೆಯ ಆಕಾರವೂ ಇಲ್ಲ, ವಾಸನೆಯೂ ಇಲ್ಲ. ಹೆಪ್ಪುಗಟ್ಟಿದ ಇಲಿಯನ್ನು ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ನಿಧಾನ ಕರಗಿಸಿ, ಕೊಡುವ ಮುನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿಗೆ ಹಾಕಬೇಕು, ತಲೆಯ ಕಡೆ ಇಲಿಯ ಮೈಕಾವಿನಷ್ಟು ಬೆಚ್ಚಗಾಗಬೇಕು. ಮೈಕ್ರೋವೇವ್ ಬೇಡ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಇಲಿ ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ದಪ್ಪ ಇರಬಾರದು. ಜೀವಂತ ಇಲಿಯನ್ನು ಪೆಟ್ಟಿಗೆಯಲ್ಲಿ ಬಿಟ್ಟು ಮಲಗುವವರಿದ್ದಾರೆ. ಹಸಿವಿಲ್ಲದ ಹಾವು ಸುಮ್ಮನಿರುತ್ತದೆ, ಹಸಿದ ಇಲಿ ಸುಮ್ಮನಿರುವುದಿಲ್ಲ. ಬೆನ್ನೆಲುಬು ಕಾಣುವವರೆಗೆ ಇಲಿ ಕಚ್ಚಿ ತಿಂದ ಹಾವನ್ನು ನಾನು ಹೊಲಿದಿದ್ದೇನೆ.

ಹೊಲಿಗೆ ಎಂದಾಗ ಬೇರೊಂದು ನೆನಪಾಗುತ್ತದೆ. ನಾನು ನೌಕರಿಗೆ ಸೇರಿ ಮೂರನೇ ವರ್ಷ, ನಾಗರಪಂಚಮಿಯ ಮಧ್ಯಾಹ್ನ. ಹಾವಾಡಿಗನೊಬ್ಬ ಬಿಟ್ಟು ಓಡಿಹೋದ ಬುಟ್ಟಿಯನ್ನು ಅರಣ್ಯ ಇಲಾಖೆಯ ಗಾರ್ಡ್ ದವಾಖಾನೆಗೆ ತಂದರು. ಒಳಗೆ ನಾಗರಹಾವು. ಹೆಡೆ ಎತ್ತುವ ಶಕ್ತಿ ಇರಲಿಲ್ಲ. ತುಟಿಗಳನ್ನು ದಾರದಿಂದ ಹೊಲಿಯಲಾಗಿತ್ತು, ಮುಂದೆ ನಾಲಿಗೆ ಆಡುವಷ್ಟು, ಹಾಲು ಇಳಿಯುವಷ್ಟು ಸಂದು ಬಿಟ್ಟು. ನಾನು ಹೊಲಿಗೆ ಕತ್ತರಿಸುವ ಕತ್ತರಿ ಹಿಡಿದೆ, ಗಾರ್ಡ್ ತಲೆ ಹಿಡಿದರು. ಆರು ಹೊಲಿಗೆ. ದಾರ ಮಾಂಸದೊಳಗೆ ಹೂತು ಹೋಗಿತ್ತು. ವಿಷದ ಹಲ್ಲು ಕಿತ್ತ ಜಾಗದಲ್ಲಿ ಕೀವು. ಚರ್ಮವನ್ನು ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು, ಮೈಯಲ್ಲಿ ನೀರೇ ಇರಲಿಲ್ಲ. ಹಬ್ಬದ ದಿನ ಹಾವು ಹಾಲು ಕುಡಿಯಲಿ ಎಂದು ವಾರಗಟ್ಟಲೆ ನೀರು ಕೊಡದೆ ಇಡುತ್ತಾರೆ. ಬಾಯಾರಿದ ಜೀವ ಕೊಟ್ಟಿದ್ದನ್ನು ಕುಡಿಯುತ್ತದೆ. ಹಾವಿಗೆ ಹಾಲು ಅರಗುವುದಿಲ್ಲ.

ತಟ್ಟೆಯಲ್ಲಿ ನೀರಿಟ್ಟು ಅದರ ಗದ್ದ ತಾಗಿಸಿದೆ. ಎಷ್ಟೋ ಹೊತ್ತು ಕುಡಿಯಿತು, ಗಂಟಲ ಬಳಿ ಸಣ್ಣಗೆ ಅಲೆ ಎದ್ದು ಇಳಿಯುವುದು ಕಾಣುತ್ತಿತ್ತು. ಬಾಯಿಗೆ ಮದ್ದು ಹಾಕಿದೆವು, ಮೈಗೆ ಸಲೈನ್ ಕೊಟ್ಟೆವು. ಹನ್ನೊಂದನೆಯ ದಿನ ಸತ್ತಿತು. ಕೊಯ್ದು ನೋಡಿದಾಗ ಉಸಿರಿನ ಕೊಳವೆಯಲ್ಲಿ ಹಾಲು ಒಡೆದು ಗಟ್ಟಿಯಾಗಿತ್ತು. ಆ ಹಾಲು ಸುರಿದವರೆಲ್ಲ ನನ್ನ ತಾಯಿಯಂಥ ಹೆಂಗಸರು, ಒಪ್ಪೊತ್ತು ಇದ್ದು, ಮಡಿ ಉಟ್ಟು, ನಾಗಪ್ಪ ಉಂಡ ಎಂದು ತೃಪ್ತಿಪಟ್ಟು ಮನೆಗೆ ಹೋದವರು. ಅಂದಿನಿಂದ ಪ್ರತಿ ಪಂಚಮಿಗೆ ನಮ್ಮ ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಿಗೆ ಹೋಗಿ ಆ ಆರು ಹೊಲಿಗೆಯ ಕಥೆ ಹೇಳುತ್ತೇನೆ. ಮಣ್ಣಿನ ನಾಗಪ್ಪನಿಗೆ ಎಷ್ಟು ಬೇಕಾದರೂ ಹಾಲೆರೆಯಿರಿ ಎನ್ನುತ್ತೇನೆ. ಮಕ್ಕಳು ಮನೆಗೆ ಹೋಗಿ ಅಜ್ಜಿಯಂದಿರಿಗೆ ಹೇಳುತ್ತಾರೆ; ಅವರ ಮಾತನ್ನು ಅಜ್ಜಿಯರು ಕೇಳುತ್ತಾರೆ.

ಇನ್ನೊಂದು ಜಾತಿಯ ಫೋನು ಬರುತ್ತದೆ, ಸಾಮಾನ್ಯವಾಗಿ ರಾತ್ರಿ, ಹೆಸರು ಹೇಳದವರಿಂದ. ಕೊಡದಲ್ಲಿ ಮಣ್ಣು ತುಂಬಿ ಮಾಂಡೂಳ ಇಟ್ಟಿದ್ದಾರೆ. ಮಾಂಡೂಳ ಎಂದರೆ ನಮ್ಮ ಎರಡು ತಲೆ ಹಾವು, ಮಣ್ಣುಮುಕ್ಕ. ಲಕ್ಷಕ್ಕೆ ಹೋಗುತ್ತದೆ, ಗುಪ್ತನಿಧಿ ತೋರಿಸುತ್ತದೆ ಎಂದು ಯಾರೋ ತಲೆಯಲ್ಲಿ ತುಂಬಿರುತ್ತಾರೆ. ತೂಕ ಇಳಿಯುತ್ತಿದೆ, ಏನು ತಿನ್ನಿಸಲಿ ಎಂದು ಕೇಳುತ್ತಾರೆ. ಅದಕ್ಕೆ ಎರಡು ತಲೆ ಇಲ್ಲ, ಬಾಲ ಮೊಂಡು ಅಷ್ಟೇ. ಅದರಿಂದ ಯಾರ ಬಡತನವೂ ಹೋಗಿಲ್ಲ, ಜೈಲಿಗೆ ಹೋದವರಿದ್ದಾರೆ. ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ನಂಬರಿಗೆ ಫೋನ್ ಮಾಡಿ ಒಪ್ಪಿಸಿ ಎನ್ನುತ್ತೇನೆ. ಕಬ್ಬಿನ ಗದ್ದೆಯಲ್ಲಿ, ಮನೆಯಲ್ಲಿ ಹಿಡಿದ ಯಾವ ಹಾವಿಗೂ ಇದೇ ಮಾತು. ಹಿಡಿದವರ ಮುಂದೆ ಅದು ತಿನ್ನುವುದಿಲ್ಲ. ಬಿಟ್ಟರೆ ತಾನೇ ತಿನ್ನುತ್ತದೆ.

ಪರದೇಶದ ಹಾವನ್ನು ಮಾತ್ರ ಎಂದೂ ಬಿಡಬಾರದು. ‘ತಿನ್ನುತ್ತಿಲ್ಲ, ಕಣ್ಣಾರೆ ಸಾಯುವುದನ್ನು ನೋಡುವ ಬದಲು ಕೆರೆಯ ಕಡೆ ಬಿಡೋಣವೇ’ ಎಂದು ಸೊಲ್ಲಾಪುರದ ಆ ತಾಯಿಯೂ ಕೇಳಿದ್ದರು. ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗು ಕಾಡಿನಲ್ಲಿ ಬೆಳೆದು ಅಲ್ಲಿನ ಅನೇಕ ಪ್ರಾಣಿಗಳನ್ನು ಬಹುಮಟ್ಟಿಗೆ ಮುಗಿಸಿಬಿಟ್ಟಿವೆ. ಅಲ್ಲಿಯ ಸರ್ಕಾರ ಇಂದಿಗೂ ಅವನ್ನು ಹಿಡಿಸುತ್ತಲೇ ಇದೆ.

ಮನೆ ಸಿದ್ಧವಾದ ಮೇಲೆ ಎಲ್ಲಕ್ಕಿಂತ ಕಷ್ಟದ ಮದ್ದು ಬರೆದುಕೊಟ್ಟೆ: ಎರಡು ವಾರ ಹಾವನ್ನು ಮುಟ್ಟಬಾರದು, ಏನೂ ತೋರಿಸಬಾರದು. ನೀರು ಬದಲಿಸಿ ಬಾಗಿಲು ಹಾಕಬೇಕು. ಗೆಳೆಯರನ್ನು ಕರೆದು ಕೊರಳಿಗೆ ಸುತ್ತಿಕೊಂಡು ರೀಲ್ಸ್ ಮಾಡುವುದು ಬಂದ್. ಆಮೇಲೆ ಹತ್ತು ದಿನಕ್ಕೊಮ್ಮೆ, ರಾತ್ರಿ, ಒಂದೇ ಸಲ ಇಲಿ ತೋರಿಸುವುದು. ಬೇಡವೆಂದರೆ ಸುಮ್ಮನೆ ತೆಗೆದುಬಿಡುವುದು. ಬಾಯಿ ತೆರೆದು ತುರುಕುವ ಮಾತೇ ಇಲ್ಲ. ಅನ್ನನಾಳ ಹರಿದು ಸತ್ತ ಹಾವುಗಳಿವೆ, ತುರುಕಿದ್ದನ್ನು ಕಾರಿಕೊಂಡು ಮತ್ತಷ್ಟು ಸೊರಗಿದವಂತೂ ಬಹಳ. ಅದು ಕೊನೆಯ ಉಪಾಯ, ಡಾಕ್ಟರ ಕೈಯಲ್ಲಿ ಮಾತ್ರ. ಆ ಎರಡು ವಾರ ಕಳೆದ ಮೇಲೆ ವಾರಕ್ಕೊಮ್ಮೆ ತೂಕ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನೋಟ್‌ಬುಕ್ಕನ್ನು ತಾಯಿಯ ಕೈಗೆ ಕೊಟ್ಟೆ. ಅವರು ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು.

“ಮತ್ತ ಇದರ ಏಕಾದಶಿ ಯಾವಾಗ ಮುಗೀತದ್ರೀ?” ಎಂದು ಕೇಳಿದರು. ಪಂಢರಪುರ ಇರುವ ಜಿಲ್ಲೆಯವರು, ಉಪವಾಸ ಗೊತ್ತಿದ್ದವರು. ಅವರ ಕಣ್ಣು ತುಂಬಿತ್ತು. ಅದೇ ನಿಶ್ಚಯಿಸಬೇಕು ಎಂದೆ.

ಫೆಬ್ರುವರಿಯ ಮೊದಲ ದಿನ ಒಲ್ಲೆ ಎಂದಿತು. 11ಕ್ಕೆ ಗಡಿಗೆಯಿಂದ ತಲೆ ಹೊರಹಾಕಿ ಮೂಸಿ, ಒಳಗೆ ಹೋಯಿತು. 21ಕ್ಕೆ ಒಲ್ಲೆ. ತೂಕ 1,095. ಅಂದು ಹುಡುಗ ಫೋನಿನಲ್ಲಿ ಗಂಟಲು ಬಿಗಿದು ಮಾತಾಡಿದ. ಲೆಕ್ಕ ಹಾಕಿದೆ, ಇಳಿದದ್ದು ಶೇಕಡಾ ಏಳು ಚಿಲ್ಲರೆ. ಮೂಸಿದೆ ಎಂದರೆ ಕರುಳು ಎಚ್ಚರಾಗುತ್ತಿದೆ, ಇನ್ನೊಂದು ಸಲ ನೋಡೋಣ ಎಂದೆ. ಹೇಳುವಾಗ ನನ್ನ ಎದೆಯೂ ಗಟ್ಟಿ ಇರಲಿಲ್ಲ.

ಮಾರ್ಚ್ ಮೊದಲ ವಾರ ಬೇರೆ ಕೆಲಸಕ್ಕೆ ಸೊಲ್ಲಾಪುರಕ್ಕೆ ಹೋಗಿದ್ದೆ, ರಾತ್ರಿ ಆ ಹುಡುಗನ ಮನೆಯಲ್ಲೇ ಉಳಿದೆ. ಸೆಕೆ ಶುರುವಾಗಿತ್ತು. ಆ ದಿನ ಮಗ್ಗಗಳಿಗೆ ರಜೆ, ಓಣಿ ನಿಶ್ಶಬ್ದ. ಒಂಬತ್ತೂವರೆಗೆ ಕೋಣೆಯ ದೀಪ ಆರಿಸಿ, ಪಡಸಾಲೆಯ ಬೆಳಕು ಬಾಗಿಲ ಸಂದಿಯಿಂದ ಬರುವಷ್ಟು ಬಿಟ್ಟೆವು. ಹುಡುಗ ಚೀಲವನ್ನು ಬಿಸಿನೀರಿನಿಂದ ತೆಗೆದು, ಇಲಿಯನ್ನು ಒರೆಸಿ, ಉದ್ದ ಇಕ್ಕಳದಲ್ಲಿ ಹಿಡಿದ. ಗಡಿಗೆಯ ಬಾಗಿಲಿಂದ ಒಂದು ಗೇಣು ದೂರ. ಕೈ ನಡುಗುತ್ತಿತ್ತು, ಆ ನಡುಕ ಇಲಿಗೆ ಬಂದು ಅದು ಬದುಕಿದಂತೆ ಆಡಿತು.

ಮೂತಿ ಕಾಣಿಸಿತು. ನಾಲಿಗೆ ಹೊರಬಂತು, ಮೇಲೆ ಕೆಳಗೆ ಆಡಿತು, ಒಳಗೆ ಹೋಯಿತು. ಮತ್ತೆ ಬಂತು. ಈ ಸಲ ಬೇಗ ಬೇಗ. ಕುತ್ತಿಗೆ ನಿಧಾನವಾಗಿ ಹಿಂದಕ್ಕೆ ಸರಿದು ಕುಡುಗೋಲಿನ ಹಾಗೆ ಬಾಗಿತು. ಹಾಗೇ ನಿಂತಿತು. ಎಷ್ಟು ಹೊತ್ತೋ. ಆಮೇಲೆ ಕಂಡದ್ದು ಇಕ್ಕಳ ಖಾಲಿಯಾದದ್ದು ಮಾತ್ರ. ಇಲಿಯ ಸುತ್ತ ಎರಡು ಸುತ್ತು ಬಿಗಿದಿತ್ತು, ಸತ್ತ ಇಲಿಯನ್ನೇ ಇನ್ನೊಮ್ಮೆ ಕೊಲ್ಲುವಂತೆ. ಕಾಲು ತಾಸಿನ ಮೇಲೆ ಸುತ್ತು ಸಡಿಲಿಸಿ ತಲೆ ಹುಡುಕಿತು. ಎಡ ದವಡೆ ಒಂದು ಹೆಜ್ಜೆ, ಬಲ ದವಡೆ ಒಂದು ಹೆಜ್ಜೆ, ಹಾಗೆ ನಡೆದು ನಡೆದು ಇಲಿಯ ಮೇಲೆ ಹತ್ತಿ ಬಂತು. ಕೊನೆಗೆ ಬಾಲ ಮಾತ್ರ ಹೊರಗಿತ್ತು, ಅದೂ ಹೋಯಿತು. ಬಾಯಿ ಅಗಲ ಮಾಡಿ ಎರಡು ಸಲ ಆಕಳಿಸಿ ದವಡೆಗಳನ್ನು ಜಾಗಕ್ಕೆ ಕೂರಿಸಿಕೊಂಡಿತು.

ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದ ತಾಯಿ ಪಿಸುಮಾತಿನಲ್ಲಿ ಕೇಳಿದರು. “ಉಂಡಿತೇನ್ರೀ?”

“ಉಂಡಿತ್ರೀ.”

ಅವರು ಒಳಗೆ ಹೋಗಿ ಹುಡುಗನಿಗೆ ತಾಟು ಹಾಕಿದರು. ಮೂರು ದಿನ ಹಾವನ್ನು ಮುಟ್ಟಬೇಡಿ, ಕಾರಿಕೊಳ್ಳುತ್ತದೆ ಎಂದು ಹೇಳಿ ಮಲಗಿದೆ.

ಏಪ್ರಿಲಿನಲ್ಲಿ ಹಿಂದಿನ ಕೋಣೆಯೂ 36 ಡಿಗ್ರಿ ಮುಟ್ಟತೊಡಗಿದಾಗ ಹೀಟ್ ಮ್ಯಾಟ್ ಬಂದ್ ಮಾಡಿಸಿ, ಗಡಿಗೆಗೆ ಒದ್ದೆ ಗೋಣಿ ಸುತ್ತಲು ಹೇಳಿದೆ. ಆ ತಿಂಗಳ ಕೊನೆಗೆ ತಾಯಿ ಫೋನ್ ಮಾಡಲಿಲ್ಲ, ನೋಟ್‌ಬುಕ್ಕಿನ ಹಾಳೆಯ ಫೋಟೋ ಕಳಿಸಿದರು. ನೀಲಿ ಬಾಲ್‌ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ‘ತೂಕ 1,210. ಕಣ್ಣು ಹಾಲಿನಂಗ ಆಗ್ಯಾವ. ಇಲಿ ತೋರ್ಸಿದ್ವಿ, ಒಲ್ಲೆ ಅಂತು. ಪೊರಿ ಬಿಟ್ಟ ಮ್ಯಾಲ ನೋಡೂದು.’